ಅಲ್ಗಾರಿದಮ್ ತೊಲೆಗಳನ್ನು ದಪ್ಪ ಮಾಡ್ತಾನೇ ಇದೆ: ಪುನಶ್ಚೇತಕ ವಿನ್ಯಾಸಕ್ಕೆ ಗುರಿ ಬರೆಯೋದು ಹೇಗೆ?

ಬೇರುಮಟ್ಟ
ಎರಡಂತಸ್ತಿನ ಮರದ ಚೌಕಟ್ಟಿನ ಕಟ್ಟಡ, ಸುತ್ತ 2,000 ಚದರ ಮೀಟರ್ ಜಾಗ. ಕಟ್ಟಡ, ನೀರು, ಗಿಡ ಮೂರನ್ನೂ ಒಟ್ಟಿಗೆ ಎನ್‌ಎಸ್‌ಜಿಎ-2 (ಹಲವು ಗುರಿಗಳಿಗೆ ಒಟ್ಟಿಗೆ ಉತ್ತರ ಹುಡುಕುವ ಜೆನೆಟಿಕ್ ಅಲ್ಗಾರಿದಮ್) ಕೈಗೆ ಕೊಟ್ಟಿದೆ. ಚರಗಳು 14: ಕಟ್ಟಡದ ದಿಕ್ಕು (0–360 ಡಿಗ್ರಿ), ನಾಲ್ಕು ಗೋಡೆಗಳ ಕಿಟಕಿ ಪ್ರಮಾಣ, ನಾಲ್ಕು ಕಡೆ ಸೂರಿನ ಚಾಚು, ಶಾಖನಿರೋಧಕ ಪದರದ ದಪ್ಪ, ತೊಲೆಯ ಆಳ (200–600 ಮಿಮೀ), ಮಳೆನೀರಿನ ತೊಟ್ಟಿಯ ಗಾತ್ರ, ನೀರಿಂಗುವ ನೆಲದ ಪಾಲು, ಮುಖ್ಯ ಮರದ ಜಾತಿ (1ರಿಂದ 6ರವರೆಗೆ ಸಂಖ್ಯೆ).

ಗುರಿ ಮೂರು, ಮೂರೂ ಕಡಿಮೆ ಆಗಬೇಕು: ಚದರ ಮೀಟರ್‌ಗೆ ವರ್ಷದ ಶಕ್ತಿ, ಸಾಮಗ್ರಿಯ ಇಂಗಾಲ (ಎ1–ಎ3, ಅಂದರೆ ಕಚ್ಚಾವಸ್ತುವಿನಿಂದ ಕಾರ್ಖಾನೆ ಬಾಗಿಲವರೆಗೆ), 100 ಮಿಮೀ ಮಳೆಗೆ ಹೊರಹರಿವು. ತಲೆಮಾರಿಗೆ 100 ವಿನ್ಯಾಸ, ತಲೆಮಾರು 50.

ಬಂದಿದ್ದು ಇದು. ತೊಲೆಗಳೆಲ್ಲ 600 ಮಿಮೀ, ಹಾಸು (ಎರಡು ಆಧಾರಗಳ ನಡುವಿನ ದೂರ) ಬರೀ 4 ಮೀಟರ್. ನೀರಿಂಗುವ ನೆಲ ಗರಿಷ್ಠಕ್ಕೆ ಹೋಗಿ ಕೂತಿದೆ, ಬಾಗಿಲಿಗೆ ಹೋಗೋಕೆ ದಾರಿಯೂ ಉಳಿದಿಲ್ಲ. ಕೊನೆಯ 100ರಲ್ಲಿ ನಿಜಕ್ಕೂ ಬೇರೆ ಬೇರೆ ಅನ್ನಿಸೋದು ಇಪ್ಪತ್ತು. ಒಂದು ಸಿಮ್ಯುಲೇಶನ್‌ಗೆ 2 ನಿಮಿಷ, ಅಂದರೆ ಪೂರ್ತಿ ಓಟಕ್ಕೆ ಒಂದು ವಾರ. ಇದಕ್ಕೆ ಆಮೇಲೆ ಜೀವವೈವಿಧ್ಯ ಮತ್ತು ಮಣ್ಣಿನ ಇಂಗಾಲ ಬೇರೆ ಸೇರಬೇಕು. ಎಲ್ಲಿ ತಪ್ಪಿದೆ?

ಹುಳುಕುಹುಡುಕ
ತೊಲೆಯದು ಅಲ್ಗಾರಿದಮ್ ತಪ್ಪಲ್ಲ, ನಿಮ್ಮ ಇಂಗಾಲದ ಲೆಕ್ಕದ್ದು. ಎ1–ಎ3 ಮಾತ್ರ ತಗೊಂಡಿದ್ದೀರಿ. ಆ ಹಂತದಲ್ಲಿ ಮರದೊಳಗಿನ ಇಂಗಾಲ ಋಣ ಸಂಖ್ಯೆ. ಒಣ ತೂಕದ ಅರ್ಧ ಇಂಗಾಲ, ಅದನ್ನು 44/12ರಿಂದ ಗುಣಿಸಿದರೆ 1 ಕೆಜಿ ಒಣ ಮರಕ್ಕೆ ಸುಮಾರು 1.83 ಕೆಜಿ ಇಂಗಾಲದ ಡೈಆಕ್ಸೈಡ್. ಒಣ ತೂಕ 420 ಕೆಜಿ ಇರುವ ಒಂದು ಘನ ಮೀಟರ್ ಮರಕ್ಕೆ ಮೈನಸ್ 770 ಕೆಜಿ.

4 ಮೀಟರ್ ಉದ್ದ, 100 ಮಿಮೀ ಅಗಲದ ತೊಲೆಯನ್ನು 300ರಿಂದ 600ಕ್ಕೆ ಏರಿಸಿದರೆ ಹೆಚ್ಚುವರಿ ಮರ 0.12 ಘನ ಮೀಟರ್. ತೊಲೆಯೊಂದಕ್ಕೆ 92 ಕೆಜಿ 'ಲಾಭ'. ಕಡಿದು, ಒಣಗಿಸಿ, ಕೊಯ್ಯುವ ಖರ್ಚು ಅದಕ್ಕಿಂತ ತುಂಬ ಕಡಿಮೆ. ನೀವು ಮಿತಿ 900 ಇಟ್ಟಿದ್ದರೆ ತೊಲೆಯೂ 900 ಆಗ್ತಿತ್ತು.

ಸೊನ್ನೆಒಂದು
ಕಾಯೋಕೆ ಅಂತ ಬರೆದ ಗುರಿ, ಬೇಲಿಯೇ ಎದ್ದು ಹೊಲ ಮೇಯ್ತು.

ಅಳತೆಪಟ್ಟಿ
ಹುಳುಕುಹುಡುಕ ಹೇಳಿದ್ದು ಸರಿ, ಆದರೆ ಅರ್ಧ. ಕಟ್ಟಡಗಳ ಐರೋಪ್ಯ ಮಾನದಂಡ ಇಎನ್ 15978ರ ಪ್ರಕಾರ ಎ (ತಯಾರಿಕೆ, ಕಟ್ಟೋದು), ಬಿ (ಬಳಕೆ), ಸಿ (ಕೊನೆಗೆ ಕೆಡವೋದು) ಎಲ್ಲ ಹಂತ ಕೂಡಿ. ಎ ಹಂತದಲ್ಲಿ ಒಳಗೆ ಬಂದ ಇಂಗಾಲ ಸಿ ಹಂತದಲ್ಲಿ ಹೊರಗೆ ಹೋಗುತ್ತೆ, ಸುಟ್ಟರೂ ಕೊಳೆತರೂ ಇನ್ನೊಂದು ಕಟ್ಟಡಕ್ಕೆ ಹೋದರೂ. ಮೈನಸ್ ಒಂದು, ಪ್ಲಸ್ ಒಂದು, ಮೊತ್ತ ಸೊನ್ನೆ. ಆಮೇಲೆ ಉಳಿಯೋದು ಕಾರ್ಖಾನೆ, ಸಾಗಣೆ, ಕಟ್ಟುವ ಖರ್ಚು. ಅದು ಮರ ಹೆಚ್ಚಿದಷ್ಟೂ ಏರುತ್ತೆ, ತೊಲೆ ತಾನಾಗಿ ಇಳಿಯುತ್ತೆ. ಉತ್ಪನ್ನಗಳ ಮಾನದಂಡ ಇಎನ್ 15804ಕ್ಕೆ 2019ರಲ್ಲಿ ಬಂದ ಎ2 ತಿದ್ದುಪಡಿಯಲ್ಲಿ ಬಹುತೇಕ ಉತ್ಪನ್ನಗಳಿಗೆ ಸಿ ಮತ್ತು ಡಿ ಹಂತ ಘೋಷಿಸಲೇಬೇಕು, ಹಾಗಾಗಿ ದತ್ತಾಂಶ ಸಿಗಲ್ಲ ಅನ್ನೋ ನೆಪ ಬೇಡ.

ಡಿ ಹಂತವನ್ನು ಮಾತ್ರ ಮೊತ್ತಕ್ಕೆ ಸೇರಿಸಬೇಡಿ. ಅದು ಕಟ್ಟಡದ ಗಡಿಯಾಚೆಗಿನ ಉಪಯೋಗ. ಸೇರಿಸಿದರೆ ಇನ್ನೊಂದು ತೂತು.

ಎರೆಹುಳು
> ಮೈನಸ್ ಒಂದು, ಪ್ಲಸ್ ಒಂದು, ಮೊತ್ತ ಸೊನ್ನೆ

ಹಾಗಾದರೆ 60 ವರ್ಷ ಮರದೊಳಗೆ ಇಂಗಾಲ ಹಿಡಿದಿಟ್ಟಿದ್ದಕ್ಕೆ ಬೆಲೆಯೇ ಇಲ್ವಾ? ಈ ವರ್ಷ ಗಾಳಿಗೆ ಹೋಗೋದೂ 60 ವರ್ಷ ಬಿಟ್ಟು ಹೋಗೋದೂ ಒಂದೇನಾ? ಪುನಶ್ಚೇತಕ ವಿನ್ಯಾಸ ಅಂದಮೇಲೆ ಸಂಗ್ರಹಣೆಯೇ ಮುಖ್ಯ ಅಲ್ವಾ?

ಅಳತೆಪಟ್ಟಿ
ಬೆಲೆ ಇದೆ. ಬೇಕಾದ ಮರಕ್ಕೆ ಇದೆ, ಬೇಡದ ಮರಕ್ಕಿಲ್ಲ. ಸಂಗ್ರಹಿಸಿದ ಇಂಗಾಲವನ್ನು ಬೇರೆ ಕಾಲಂನಲ್ಲಿ ಬರೆದು ವರದಿ ಮಾಡಿ, ಗುರಿಯೊಳಗೆ ತರಬೇಡಿ. ಇನ್ನೂ ಸರಳ ದಾರಿ: ತೊಲೆಯ ಆಳವನ್ನು ಜೀನ್ ಪಟ್ಟಿಯಿಂದಲೇ (ಅಲ್ಗಾರಿದಮ್ ಬದಲಿಸುವ ಚರಗಳಿಂದ) ತೆಗೆದುಹಾಕಿ. ಹಾಸು ಮತ್ತು ಭಾರ ಗೊತ್ತಿದ್ದಮೇಲೆ ಬಾಗುವ ಒತ್ತಡ, ಹಾಸಿನ 1/300 ಬಾಗು ಮಿತಿ ಇಟ್ಟು ಲೆಕ್ಕ ಹಾಕಿದರೆ ಆಳ ತಾನಾಗಿ ಬರುತ್ತೆ. ಸೂತ್ರ ಕೊಡುವ ಉತ್ತರವನ್ನು ವಿಕಾಸದ ಕೈಯಲ್ಲಿ ಹುಡುಕಿಸೋದು ದಂಡ.

ಕೋನಮಾಪಿ
ಅದೇ ಮಾತು ತೊಟ್ಟಿಗೂ. ತೊಟ್ಟಿಯ ಗಾತ್ರಕ್ಕೆ ಜೆನೆಟಿಕ್ ಅಲ್ಗಾರಿದಮ್ ಯಾಕೆ? ದಿನದ ನೀರಿನ ಲೆಕ್ಕ: ಇವತ್ತಿನ ಮಟ್ಟ = ನಿನ್ನೆಯ ಮಟ್ಟ + ಬಂದ ನೀರು − ಬಳಸಿದ ನೀರು. ತೊಟ್ಟಿ ಮೀರಿದ್ದು ಉಕ್ಕಿ ಹೋಗುತ್ತೆ, ಸೊನ್ನೆಗಿಂತ ಕೆಳಗೆ ಇಳಿಯಲ್ಲ. 1ರಿಂದ 50 ಘನ ಮೀಟರ್‌ವರೆಗೆ ಒಂದೊಂದಾಗಿ ಓಡಿಸಿದರೂ ಸೆಕೆಂಡಿನೊಳಗೆ ಮುಗಿಯುತ್ತೆ. ನೀರಿನದು ಬೇರೆ, ಶಕ್ತಿಯದು ಬೇರೆ ಮಾಡಿ. 14 ಚರ ಅಂತ ಹೆದರೋದೇ ಬೇಕಿಲ್ಲ.

ತೇವಾಂಶ
@ಕೋನಮಾಪಿ ಪೂರ್ತಿ ಬೇರೆ ಮಾಡೋಕಾಗಲ್ಲ. ಸೂರು ಚಾಚಿದರೆ ಮಳೆ ಹಿಡಿಯುವ ಚಾವಣಿ ದೊಡ್ಡದಾಗುತ್ತೆ. ಮರ ಬೆಳೆದರೆ ಕಿಟಕಿಗೆ ನೆರಳು. ಎರಡು ಕಡೆಯೂ ಶಕ್ತಿ ಮತ್ತು ನೀರು ಅಂಟಿಕೊಂಡಿವೆ. ತೊಟ್ಟಿಯನ್ನು ಒಳಗಿನ ಲೂಪ್ ಮಾಡಿ: ಪ್ರತಿ ವ್ಯಕ್ತಿಗೂ (ಅಂದರೆ ಪ್ರತಿ ವಿನ್ಯಾಸಕ್ಕೂ) ಚಾವಣಿ ಎಷ್ಟು ಅಂತ ಗೊತ್ತಾದಮೇಲೆ ಅದಕ್ಕೆ ಒಪ್ಪುವ ತೊಟ್ಟಿಯನ್ನು ಕೋನಮಾಪಿ ಹೇಳಿದ ಹಾಗೆ ಹುಡುಕಿ ಇಡಿ. ಜೀನ್ ಕಡಿಮೆ ಆಗುತ್ತೆ, ಸಂಬಂಧವೂ ತಪ್ಪಲ್ಲ.

ಹೊರಹರಿವಿನ ಲೆಕ್ಕದಲ್ಲಿ ಇನ್ನೊಂದು ತೂತು ಇದೆ, ಯಾರೂ ನೋಡಲ್ಲ. ಕರ್ವ್ ನಂಬರ್ ವಿಧಾನ (ನೆಲ ಎಷ್ಟು ನೀರು ಹರಿಸುತ್ತೆ ಅಂತ ಒಂದು ನಂಬರು ಕೊಡೋದು; ಕನಂ ಅಂದರೆ ಆ ನಂಬರು, ಸಂ ಅಂದರೆ ನೆಲ ಹಿಡಿದಿಡುವ ನೀರು) ಬಳಸ್ತಿದ್ದರೆ: ಸಂ = 25400/ಕನಂ − 254 ಮಿಮೀ, ಹರಿವು = (ಮಳೆ − 0.2 ಸಂ)² / (ಮಳೆ + 0.8 ಸಂ). ಜಾಗದ ಅರ್ಧ ಕಾಂಕ್ರೀಟ್ (98), ಅರ್ಧ ಒಳ್ಳೆ ಹುಲ್ಲು (60) ಅಂದುಕೊಳ್ಳಿ. ನಂಬರುಗಳ ಸರಾಸರಿ 79 ಹಾಕಿದರೆ 100 ಮಿಮೀ ಮಳೆಗೆ ಹರಿವು 48.6 ಮಿಮೀ. ಬೇರೆ ಬೇರೆ ಲೆಕ್ಕ ಹಾಕಿ ಹರಿವಿನ ಸರಾಸರಿ ತೆಗೆದರೆ 94.0 ಮತ್ತು 18.6, ಅಂದರೆ 56.3 ಮಿಮೀ. ಅದೇ ಜಾಗ, ಅದೇ ಮಳೆ, ಸರಾಸರಿ ಎಲ್ಲಿ ತೆಗೆದಿರಿ ಅನ್ನೋದರ ಮೇಲೆ ಸುಮಾರು 8 ಮಿಮೀ ಮಾಯ. ಸೂತ್ರ ಬಾಗಿದ ಗೆರೆ, ಅದಕ್ಕೆ. ನಂಬರನ್ನೇ ಸರಾಸರಿ ಮಾಡಿದರೆ ಅಲ್ಗಾರಿದಮ್ ಕಾಂಕ್ರೀಟನ್ನೂ ಹುಲ್ಲನ್ನೂ ಬೆರೆಸಿ ಪುಕ್ಕಟೆ ಲಾಭ ತೋರಿಸುತ್ತೆ.

ಚಾವಣಿ ನೀರು ನೇರ ಚರಂಡಿಗೋ ಮೊದಲು ಹುಲ್ಲಿನ ಮೇಲೋ ಅನ್ನೋದು ಪಾಲಿಗಿಂತ ದೊಡ್ಡ ವಿಷಯ. ಆ ಸಂಪರ್ಕವನ್ನೇ ಒಂದು ಜೀನ್ ಮಾಡಿ. ಬಾಗಿಲಿನ ದಾರಿಗೆ ಕನಿಷ್ಠ ಗಟ್ಟಿ ನೆಲ ಇಷ್ಟು ಇರಲೇಬೇಕು ಅಂತ ನಿರ್ಬಂಧ ಹಾಕಿ.

ಕಡತದಿಂಬು
ನಿರ್ಬಂಧ ಅಂದಾಗ ದಂಡದ ಅಂಕ ಕೂಡಿಸಬೇಡಿ. ಆ ತೂಕ ಎಷ್ಟು ಅಂತ ಹೊಂದಿಸೋದರಲ್ಲೇ ಆಯಸ್ಸು ಮುಗಿಯುತ್ತೆ. ಕಲ್ಯಾಣ್‌ಮೊಯ್ ದೇಬ್ 2000ದಲ್ಲಿ ಕೊಟ್ಟ ನಿಯಮ ಸಾಕು: ನಿರ್ಬಂಧ ಪಾಲಿಸಿದವನು ಪಾಲಿಸದವನಿಗಿಂತ ಮೇಲು, ಇಬ್ಬರೂ ಪಾಲಿಸದಿದ್ದರೆ ಕಡಿಮೆ ಮೀರಿದವನು ಮೇಲು, ಇಬ್ಬರೂ ಪಾಲಿಸಿದ್ದರೆ ಮಾತ್ರ ಗುರಿ ನೋಡು. ಎನ್‌ಎಸ್‌ಜಿಎ-2ರಲ್ಲಿ (2002) ಇದೇ ಒಳಗಿದೆ. ಪೈಮೂ (ಇದಕ್ಕಿರುವ ಪೈಥಾನ್ ಲೈಬ್ರರಿ) ಬಳಸ್ತಿದ್ದರೆ ನೆನಪಿಡಿ, ನಿರ್ಬಂಧದ ಬೆಲೆ ಸೊನ್ನೆ ಅಥವಾ ಕೆಳಗಿದ್ದರೆ ಪಾಲನೆ. ಚಿಹ್ನೆ ತಿರುಗುಮುರುಗಾದರೆ ದೋಷ ಸಂದೇಶ ಬರಲ್ಲ, ಕೆಟ್ಟ ಕಟ್ಟಡ ಬರುತ್ತೆ ಅಷ್ಟೇ.

ಮರದ ಜಾತಿಗೆ 1ರಿಂದ 6 ಸಂಖ್ಯೆ ಕೊಟ್ಟಿದ್ದೀರಲ್ಲ, ಅದೂ ಎಡವಟ್ಟು. ಎಸ್‌ಬಿಎಕ್ಸ್ ಸಂಕರಕ್ಕೆ (ಎರಡು ವಿನ್ಯಾಸಗಳ ಸಂಖ್ಯೆಗಳನ್ನು ಬೆರೆಸುವ ವಿಧಾನ) ಅದು ಅಳತೆ. 2ನೇ ಮರಕ್ಕೂ 4ನೇ ಮರಕ್ಕೂ ಹುಟ್ಟಿದ ಮಗು 3ನೇ ಮರ! ಮಾವಿಗೂ ಬೇವಿಗೂ ಮಧ್ಯೆ ಹಲಸು ಇದೆ ಅಂದ ಹಾಗೆ. ಆಯ್ಕೆಯ ಚರ ಅಂತ ಬೇರೆಯಾಗಿ ಘೋಷಿಸಿ, ಮಿಶ್ರ ಚರಗಳಿಗೆ ಬೇರೆ ಸಂಕರ ವಿಧಾನ ಇರುತ್ತೆ.

ಒಂದೇ ಥರದವು 80 ಬಂದಿರೋದು ನಕಲು ತೆಗೆಯುವ ಆಯ್ಕೆ ಆಫ್ ಇದ್ದರೆ ಮಾಮೂಲು. ಮ್ಯುಟೇಶನ್ (ಚರದ ಬೆಲೆಯನ್ನು ಯಾದೃಚ್ಛಿಕವಾಗಿ ಬದಲಿಸೋದು) ಸಂಭವ ಚರಕ್ಕೆ 1/14, ಅಂದರೆ ಸುಮಾರು 0.07 ಇದೆಯಾ ನೋಡಿ. ಹಂಚಿಕೆ ಸೂಚ್ಯಂಕ (ಹೆಚ್ಚಿದಷ್ಟೂ ಬದಲಾವಣೆ ಚಿಕ್ಕದು) 20ರ ಆಸುಪಾಸು ಶುರು ಮಾಡಿ, ಬೇಗ ಒಂದೇ ಕಡೆ ಗುಂಪುಗೂಡಿದರೆ ಇಳಿಸಿ.

ಗಾಳಿಗೋಪುರ
ಮ್ಯುಟೇಶನ್‌ಗೆ ಕನ್ನಡದಲ್ಲಿ ಏನಂತೀರಿ? ಪಠ್ಯಪುಸ್ತಕದ 'ಉತ್ಪರಿವರ್ತನೆ' ಬಾಯಲ್ಲಿ ಹೊರಳಲ್ಲ.

ಸೊನ್ನೆಒಂದು
'ತಿರುಚು'. ಕ್ರಾಸ್‌ಓವರ್‌ಗೆ 'ಬೆರಕೆ'.

ಎರೆಹುಳು
ಫಿಟ್‌ನೆಸ್‌ಗೆ 'ಯೋಗ್ಯತೆ' ಅಂದರೆ ನನ್ನ ಕೋಡ್ ನನಗೇ ಬೈದ ಹಾಗೆ. 'ಒಗ್ಗುವಿಕೆ' ಮೇಲು.

ಗಾಳಿಗೋಪುರ
ಬೆರಕೆ ಇಷ್ಟ ಆಯ್ತು. ಹೋಗಲಿ, ವಿಷಯಕ್ಕೆ ಬರ್ತೀನಿ, ಸ್ವಲ್ಪ ಜಗಳಕ್ಕೂ. ಈ ಮೂರು ಗುರಿಯಲ್ಲಿ ಪುನಶ್ಚೇತಕ ಅನ್ನೋದು ಎಲ್ಲಿದೆ? ಶಕ್ತಿ ಕಡಿಮೆ, ಇಂಗಾಲ ಕಡಿಮೆ, ಹರಿವು ಕಡಿಮೆ. ಮೂರೂ 'ಕಡಿಮೆ ಹಾಳು ಮಾಡು'. ಇದರ ಆದರ್ಶ ಉತ್ತರ ಕಟ್ಟಡವನ್ನೇ ಕಟ್ಟದಿರೋದು.

ಕೋನಮಾಪಿ
ಪುನಶ್ಚೇತಕ ಅನ್ನೋದೇ ಸುಸ್ಥಿರಕ್ಕೆ ಹೊಸ ಅಂಗಿ ತೊಡಿಸಿದ್ದು. ಲೆಕ್ಕದಲ್ಲಿ ವ್ಯತ್ಯಾಸ ಏನು ಬರುತ್ತೆ, ಅದನ್ನ ಹೇಳಿ.

ಗಾಳಿಗೋಪುರ
ಬರುತ್ತೆ. ಅಮೆರಿಕದ ಭೂದೃಶ್ಯ ವಿನ್ಯಾಸಕ ಜಾನ್ ಟಿಲ್‌ಮನ್ ಲೈಲ್ 1994ರ ಪುಸ್ತಕದಲ್ಲಿ ಪುನಶ್ಚೇತಕ ವಿನ್ಯಾಸದ ಬಗ್ಗೆ ಬರೆದಾಗ ಮಾತು ಇದ್ದದ್ದು ಚಕ್ರದ ಬಗ್ಗೆ: ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಸುರಿಯುವ ನೇರ ದಾರಿ ಬಿಟ್ಟು, ಬಳಸಿದ್ದನ್ನು ವ್ಯವಸ್ಥೆ ತಾನೇ ಮತ್ತೆ ತುಂಬಿಕೊಳ್ಳೋದು. ಗಣಿತಕ್ಕೆ ಇಳಿಸಿದರೆ ಹೀಗೆ. ಸುಸ್ಥಿರದಲ್ಲಿ 'ಸ್ಥಿತಿ ಇಳಿಯಬಾರದು' ಅನ್ನೋದು ನಿರ್ಬಂಧ. ಪುನಶ್ಚೇತಕದಲ್ಲಿ ಸ್ಥಿತಿ ಏರುವ ಗೆರೆಯೇ ಗುರಿ. ಗೆರೆ ಅಂದಮೇಲೆ ಕಾಲ ಬೇಕು. ಹಾಗಾಗಿ ಒಗ್ಗುವಿಕೆ ಅಳೆಯಬೇಕಾದ್ದು ನಕ್ಷೆಯನ್ನಲ್ಲ, ಆ ನಕ್ಷೆ 30 ವರ್ಷ ಓಡಿದ ಓಟವನ್ನು. ಶಕ್ತಿ ಸಿಮ್ಯುಲೇಶನ್ 1, 10, 25ನೇ ವರ್ಷಕ್ಕೆ ಮೂರು ಸಲ, ಪ್ರತಿ ಸಲ ಮರದ ಹರವು ಬೇರೆ. ಮೊದಲ ವರ್ಷ ಸಸಿಯ ನೆರಳು ಶೂನ್ಯ, 25ನೇ ವರ್ಷ ಕಿಟಕಿಯೇ ಕಾಣಲ್ಲ.

ಮುಂದಿನ ಹೆಜ್ಜೆ, ಯೋಜನೆ ಬದಲು ನಿಯಮವನ್ನೇ ವಿಕಾಸಗೊಳಿಸೋದು. '8ನೇ ವರ್ಷ ಮೂರು ಮರ ಕಡಿ' ಅನ್ನೋದು ಯೋಜನೆ. 'ನೆಲದ ಹೊದಿಕೆ 40 ಶೇಕಡಾ ಕೆಳಗಿಳಿದರೆ ಮೇಲಿನ ಕೊಂಬೆ ತೆರವು ಮಾಡು' ಅನ್ನೋದು ನಿಯಮ. ಮಳೆ ಕೈಕೊಟ್ಟ ವರ್ಷ ಯೋಜನೆ ಮುರಿಯುತ್ತೆ, ನಿಯಮ ಬಾಗುತ್ತೆ.

ಕೋನಮಾಪಿ
ಸರಿ, ಇದನ್ನ ಒಪ್ಪಬಹುದು. ಆದರೆ 2 ನಿಮಿಷ 6 ನಿಮಿಷ ಆಯ್ತು.

ತೇವಾಂಶ
ಮಣ್ಣಿನ ಇಂಗಾಲ ಸೇರಿಸೋ ಮೊದಲು ಇದನ್ನ ನೋಡಿ. ಎಲ್ಲರೂ ಬಳಸುವ ಸೂತ್ರ: ಹೆಕ್ಟೇರಿಗೆ ಟನ್ = ಇಂಗಾಲದ ಶೇಕಡಾ × ಮಣ್ಣಿನ ಸಾಂದ್ರತೆ (ಘನ ಸೆಂಮೀಗೆ ಗ್ರಾಂ) × ಆಳ (ಸೆಂಮೀ). 1 ಶೇಕಡಾ, 1.3, 30 ಸೆಂಮೀ ಅಂದರೆ 39 ಟನ್. ಈಗ ಅದೇ ನೆಲದ ಮೇಲೆ ಭಾರಿ ಯಂತ್ರ ಓಡಿಸಿ ತುಳಿಸಿ, ಸಾಂದ್ರತೆ 1.5 ಆಗುತ್ತೆ. ಸೂತ್ರ 45 ಟನ್ ಅನ್ನುತ್ತೆ! ಒಂದು ಗ್ರಾಂ ಇಂಗಾಲ ಬಂದಿಲ್ಲ. ಬೇರು ಇಳಿಯದ, ನೀರು ಇಂಗದ ಗಟ್ಟಿ ನೆಲಕ್ಕೆ ಹೆಚ್ಚು ಅಂಕ. 30 ಸೆಂಮೀ ಗೆರೆಯೊಳಗೆ ಹೆಚ್ಚು ಮಣ್ಣು ತುರುಕಿದ್ದೀರಿ, ಅಷ್ಟೇ.

ಆಳವನ್ನು ಸ್ಥಿರ ಇಡಬೇಡಿ, ಮಣ್ಣಿನ ತೂಕವನ್ನು ಸ್ಥಿರ ಇಡಿ. ಮೊದಲ ಅಳತೆಯಲ್ಲಿ ಹೆಕ್ಟೇರಿಗೆ 3,900 ಟನ್ ಮಣ್ಣು ಇತ್ತು ಅಂದರೆ ಪ್ರತಿ ಸಲವೂ ಅದೇ 3,900 ಟನ್‌ನೊಳಗಿನ ಇಂಗಾಲ ಎಷ್ಟು ಅಂತ ನೋಡಿ. ತುಳಿದ ನೆಲದಲ್ಲಿ ಆ ತೂಕ 26 ಸೆಂಮೀಗೇ ಮುಗಿಯುತ್ತೆ. ಲೆಕ್ಕ ಮತ್ತೆ 39ಕ್ಕೆ ಬರುತ್ತೆ.

ಹುಳುಕುಹುಡುಕ
ಇದನ್ನ ಮೇಲೆ ಅಂಟಿಸಬೇಕು. ಜೀವವೈವಿಧ್ಯದ್ದೂ ಇದೇ ಕಥೆ. ಶ್ಯಾನನ್ ಸೂಚ್ಯಂಕ (ಜಾತಿ ಎಷ್ಟು, ಎಷ್ಟು ಸಮ ಅಂತ ಅಳೆಯೋದು) ಹಾಕಿದರೆ 10 ಜಾತಿಯನ್ನು ಸಮ ಸಮ ನೆಟ್ಟಾಗ ಗರಿಷ್ಠ 2.30. ಹಾಗಾಗಿ ಅಲ್ಗಾರಿದಮ್ ಲೆಕ್ಕಿಗನ ಥರ ಹತ್ತತ್ತು ಗಿಡ ಹಂಚುತ್ತೆ. ಹತ್ತೂ ಒಂದೇ ತಿಂಗಳು ಹೂ ಬಿಟ್ಟು ಉಳಿದ ಹನ್ನೊಂದು ತಿಂಗಳು ಜೇನಿಗೆ ಉಪವಾಸ ಬಿದ್ದರೂ 2.30. ಎಣಿಕೆ ತಲೆಯ ಮೇಲೋ ಹರವಿನ ಮೇಲೋ ಅನ್ನೋದೂ ಇದೆ, ನೂರು ಹುಲ್ಲಿನ ಬುಡ ಒಂದು ದೊಡ್ಡ ಮರವನ್ನು ನುಂಗಿಹಾಕುತ್ತೆ. ನಿರ್ಬಂಧವಾಗಿ ಬರೆಯೋದು ಗಟ್ಟಿ: ಪ್ರತಿ ತಿಂಗಳು ಕನಿಷ್ಠ 2 ಜಾತಿ ಹೂವಿನಲ್ಲಿ, ಎತ್ತರದ ಮರ, ಪೊದೆ, ನೆಲಹೊದಿಕೆ ಮೂರೂ ಹಂತ ಇರಲೇಬೇಕು.

ಸೊನ್ನೆಒಂದು
ನೀವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುತ್ತೆ. ಎಷ್ಟು ತೂತು ಮುಚ್ಚುತ್ತೀರಿ?

ಹುಳುಕುಹುಡುಕ
ಪೂರ್ತಿ ಮುಚ್ಚೋಕಾಗಲ್ಲ, ಬೇಗ ಕಂಡುಹಿಡಿಯಬಹುದು. ದೊಡ್ಡ ಓಟಕ್ಕೆ ಮೊದಲು ಒಂದೊಂದೇ ಗುರಿ ಇಟ್ಟು 10 ತಲೆಮಾರು ಓಡಿಸಿ, ಗೆದ್ದವನ ನಕ್ಷೆ ಕಣ್ಣಾರೆ ನೋಡಿ. ತೂತು ಇದ್ದರೆ ಅಲ್ಲೇ ನಗು ಬರುತ್ತೆ. ಯಾವ ಚರ ಮಿತಿಗೆ ಅಂಟಿಕೊಂಡಿದೆಯೋ ಅದರ ಮೇಲೆ ಮೊದಲ ಅನುಮಾನ.

ಅಳತೆಪಟ್ಟಿ
ಹವಾಮಾನದ ವಿಷಯ ಬಿಟ್ಟುಹೋಗಿದೆ. ಮಾದರಿ ವರ್ಷದ ಹವಾಮಾನ ಕಡತದಲ್ಲಿ ಬರ, ನೆರೆ ಎರಡೂ ಇರಲ್ಲ, ಅದು ಸಾಧಾರಣ ತಿಂಗಳುಗಳನ್ನು ಹೊಲಿದದ್ದು. ಹಾಗಂತ ಪ್ರತಿ ವ್ಯಕ್ತಿಗೂ ಬೇರೆ ಬೇರೆ ವರ್ಷದ ಮಳೆ ಎಸೆದರೆ ಅದೃಷ್ಟವಂತನೇ ಉಳಿಯುತ್ತಾನೆ. ಎನ್‌ಎಸ್‌ಜಿಎ-2 ಒಳ್ಳೆಯವರನ್ನು ಬಿಡಲ್ಲ, ಹಳೇ ಅಂಕವನ್ನೇ ಹೊತ್ತು ಅವನು ಕೊನೆವರೆಗೂ ಚಿರಂಜೀವಿ. ಎಲ್ಲರಿಗೂ ಅದೇ 5 ವರ್ಷ ಕೊಡಿ, ಅದರಲ್ಲಿ ಒಂದು ಬರ, ಒಂದು ನೆರೆ. ವರ್ಷಗಳನ್ನು ಬದಲಿಸಿದರೆ ಉಳಿದ ಹಳಬರನ್ನೂ ಮರು ಅಳೆಯಿರಿ.

ಕಡತದಿಂಬು
ಸಮಯದ ಲೆಕ್ಕ. 100 × 50 = 5,000 ಓಟ, 2 ನಿಮಿಷದಂತೆ 10,000 ನಿಮಿಷ. 8 ಕೋರ್‌ಗೆ ಹಂಚಿದರೆ 21 ಗಂಟೆ. ಕಾಲದ ಮೂರು ಹಂತ ಬಂದರೆ 63. ಇಲ್ಲಿಂದ ಮುಂದೆ ಬದಲಿ ಮಾದರಿ (ಸಿಮ್ಯುಲೇಶನ್‌ನ ಉತ್ತರವನ್ನು ಬೇಗ ಅಂದಾಜಿಸೋದು) ಬೇಕು. ಲ್ಯಾಟಿನ್ ಹೈಪರ್‌ಕ್ಯೂಬ್‌ನಲ್ಲಿ (ಬಿಂದುಗಳನ್ನು ಎಲ್ಲ ಕಡೆ ಸಮವಾಗಿ ಹರಡುವ ವಿಧಾನ) ಚರಕ್ಕೆ 10ರಂತೆ 140 ಬಿಂದು ನಿಜವಾಗಿ ಓಡಿಸಿ, ಅದರ ಮೇಲೆ ಗಾಸಿಯನ್ ಪ್ರಕ್ರಿಯೆ (ಬಿಂದುಗಳ ನಡುವಿನ ಬೆಲೆ ಊಹಿಸುವ ಮಾದರಿ) ಕಟ್ಟಿ, ವಿಕಾಸವನ್ನು ಆ ಮಾದರಿಯ ಮೇಲೆ ಓಡಿಸಿ. ಆದರೆ ಮಾದರಿ ಎಲ್ಲಿ ತಪ್ಪು ಹೇಳುತ್ತೋ ಅಲ್ಲಿಗೇ ಅಲ್ಗಾರಿದಮ್ ಓಡಿಹೋಗುತ್ತೆ, ಇರುವೆ ಬೆಲ್ಲಕ್ಕೆ ಹೋದ ಹಾಗೆ. ಪ್ರತಿ 5 ತಲೆಮಾರಿಗೆ ಮುಂಚೂಣಿಯ (ಬೇರೆ ಯಾರಿಗೂ ಸೋಲದ) 8 ವ್ಯಕ್ತಿಗಳನ್ನು ನಿಜವಾಗಿ ಸಿಮ್ಯುಲೇಟ್ ಮಾಡಿ ಮಾದರಿಗೆ ಮತ್ತೆ ಕಲಿಸಿ. ಮರದ ಜಾತಿಯಂಥ ಆಯ್ಕೆ ಚರ ಗಾಸಿಯನ್‌ಗೆ ಸಲೀಸಲ್ಲ, ಜಾತಿಗೊಂದು ಮಾದರಿ ಮಾಡೋದೇ ವಾಸಿ, ಬಿಂದುಗಳೂ ಆಗ ಹೆಚ್ಚು ಬೇಕು.

ಗುರಿ ಐದಾದರೆ ಎನ್‌ಎಸ್‌ಜಿಎ-2 ಬಿಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತೆ, ಐದು ಕಡೆಗೆ ಎಳೆದರೆ ಬಹುತೇಕ ಎಲ್ಲರೂ 'ಯಾರಿಗೂ ಸೋಲದವರು' ಆಗಿಬಿಡುತ್ತಾರೆ, ಆಯ್ಕೆಗೆ ಅರ್ಥವೇ ಇರಲ್ಲ. 2014ರ ಎನ್‌ಎಸ್‌ಜಿಎ-3ರಲ್ಲಿ ಉಲ್ಲೇಖ ಬಿಂದುಗಳಿವೆ: 3 ಗುರಿ, 12 ಭಾಗಕ್ಕೆ 91 ಬಿಂದು, 5 ಗುರಿ, 6 ಭಾಗಕ್ಕೆ 210. ತಲೆಮಾರಿಗೆ ಎಷ್ಟು ವಿನ್ಯಾಸ ಅನ್ನೋದನ್ನು ಅದಕ್ಕೆ ತಕ್ಕ ಹಾಗೆ ಇಡಿ.

ಕೋನಮಾಪಿ
ಅದಕ್ಕೂ ಮೊದಲು 5,000 ಬಿಂದುಗಳನ್ನು ಸುಮ್ಮನೆ ಯಾದೃಚ್ಛಿಕವಾಗಿ ಎಸೆದು ಅದರ ಮುಂಚೂಣಿಯೊಂದಿಗೆ ಹೋಲಿಸಿ, ಆ ಬದಲಿ ಮಾದರಿಯ ಮೇಲಾದರೂ ಸರಿ. ವಿಕಾಸ ಅದನ್ನು ಸ್ಪಷ್ಟವಾಗಿ ಸೋಲಿಸದಿದ್ದರೆ ಇಷ್ಟೆಲ್ಲ ಅಲಂಕಾರ ಯಾಕೆ? ಒಂದೇ ಬೀಜಸಂಖ್ಯೆಯ (ಯಾದೃಚ್ಛಿಕ ಆಯ್ಕೆಗಳು ಶುರುವಾಗುವ ಸಂಖ್ಯೆ) ಓಟ ತೋರಿಸಿ 'ಅತ್ಯುತ್ತಮ' ಅನ್ನೋದೂ ಬೇಡ. ಕನಿಷ್ಠ 5 ಬೀಜ, ಹೈಪರ್‌ವಾಲ್ಯೂಮ್‌ನ (ಮುಂಚೂಣಿ ಎಷ್ಟು ಜಾಗ ಗೆದ್ದಿದೆ ಅನ್ನೋ ಅಳತೆ) ಮಧ್ಯಕ.

ಎರೆಹುಳು
63 ಗಂಟೆ ಕಂಪ್ಯೂಟರ್ ಉರಿಸೋದು ಯಾವ ಸುಸ್ಥಿರ?

ಕಡತದಿಂಬು
150 ವ್ಯಾಟ್ × 63 ಗಂಟೆ = 9.5 ಯೂನಿಟ್. ಕಟ್ಟಡ ಹಲವು ದಶಕ ಎಳೆಯುವ ವಿದ್ಯುತ್ ಮುಂದೆ ಲೆಕ್ಕಕ್ಕಿಲ್ಲ.

ಗಾಳಿಗೋಪುರ
ಕಂಪ್ಯೂಟರೇ ಬೇಡ ಅನ್ನೋರಿಗೆ: 1964ರಲ್ಲಿ ಬರ್ಲಿನ್‌ನಲ್ಲಿ ಇಂಗೋ ರೆಚೆನ್‌ಬರ್ಗ್ ಗಾಳಿ ಸುರಂಗದಲ್ಲಿ 5 ಕೀಲಿನ ಒಂದು ಮಡಚು ಹಲಗೆ ಇಟ್ಟರು. ಪ್ರತಿ ಕೀಲಿಗೆ 51 ಸ್ಥಾನ, ಅಂದರೆ 34 ಕೋಟಿಗೂ ಮೀರಿದ ಭಂಗಿ. ಯಾದೃಚ್ಛಿಕವಾಗಿ ತಿರುಚು, ಗಾಳಿಯ ಎಳೆತ ಅಳೆ, ಚೆನ್ನಾಗಿದ್ದರೆ ಇಟ್ಟುಕೋ. ಕೊನೆಗೆ ಬಂದದ್ದು ಚಪ್ಪಟೆ ಹಲಗೆ, ಎಲ್ಲರಿಗೂ ಮೊದಲೇ ಗೊತ್ತಿದ್ದ ಉತ್ತರ. ಅದೇ ಅದರ ಸೊಗಸು: ಉತ್ತರ ಗೊತ್ತಿರುವ ಲೆಕ್ಕದ ಮೇಲೆ ಮೊದಲು ಪರೀಕ್ಷೆ.

ಇಲ್ಲಿ ವಾಸ ಮಾಡೋರಿಗೆ ಆಯ್ಕೆ ಕೊಡಬೇಕಿದ್ದರೆ ಮ್ಯಾಪ್-ಎಲೀಟ್ಸ್ (2015) ನೋಡಿ. ಒಂದು ಅಕ್ಷ ಕಟ್ಟಡದ ನೆಲ, ಇನ್ನೊಂದು ಮರದ ಹರವು, 20 × 20 ಮನೆ, ಪ್ರತಿ ಮನೆಯಲ್ಲಿ ಅಲ್ಲಿಗೆ ಒಳ್ಳೆಯದು ಒಂದು. 'ಮರ ಇಷ್ಟು ಬೇಕು ಅಂದರೆ ಶಕ್ತಿ ಎಷ್ಟು' ಅಂತ ಬೆರಳಿಟ್ಟು ತೋರಿಸಬಹುದು. ಇದಕ್ಕೆ ಹತ್ತಾರು ಸಾವಿರ ಓಟ ಬೇಕು, ಬದಲಿ ಮಾದರಿ ಇಲ್ಲದೆ ಕೈ ಹಾಕಬೇಡಿ.

ಬೇರುಮಟ್ಟ
ಎಲ್ಲರಿಗೂ ಥ್ಯಾಂಕ್ಸ್. ತಿದ್ದಿದ ಸೆಟಪ್: ತೊಲೆ ಸೂತ್ರದಿಂದ, ತೊಟ್ಟಿ ಒಳಲೂಪ್‌ನಲ್ಲಿ, ಜಾತಿ ಆಯ್ಕೆಯ ಚರ, ಚಾವಣಿ ನೀರಿನ ದಾರಿ ಹೊಸ ಜೀನ್. ಒಟ್ಟು 13. ಇಂಗಾಲ ಎಯಿಂದ ಸಿವರೆಗೆ, ಸಂಗ್ರಹಣೆ ಬೇರೆ ಕಾಲಂ. ಹರಿವು ಪ್ರತಿ ಮೇಲ್ಮೈಗೆ ಬೇರೆ ಲೆಕ್ಕ. ಮಣ್ಣಿನ ಇಂಗಾಲ ಸಮತೂಕದಲ್ಲಿ, 30 ವರ್ಷದ ಗೆರೆ, ನಾಲ್ಕನೇ ಗುರಿ, ಅದಕ್ಕೆ ಎನ್‌ಎಸ್‌ಜಿಎ-3. ಹೂ ಮತ್ತು ಹಂತ ನಿರ್ಬಂಧ. ಅದೇ 5 ಹವಾಮಾನ ವರ್ಷ. ಇವತ್ತು ರಾತ್ರಿ ಒಂದೊಂದೇ ಗುರಿಯ 10 ತಲೆಮಾರಿನ ಓಟ.

ಹುಳುಕುಹುಡುಕ
ಓಡಿಸೋ ಮೊದಲು ದಿಕ್ಕು ನೋಡಿ. 0–360 ಇಟ್ಟಿದ್ದೀರಿ. ಕಟ್ಟಡ ಆಯತ ಆಗಿದ್ದು, ನಾಲ್ಕು ಗೋಡೆಗೂ ಬೇರೆ ಜೀನ್ ಇದ್ದರೆ, 180 ತಿರುಗಿಸಿ ಎದುರುಬದುರು ಗೋಡೆಗಳ ಕಿಟಕಿ, ಸೂರು ಅದಲುಬದಲು ಮಾಡಿದರೆ ಅದೇ ಕಟ್ಟಡ. ಒಂದೇ ಕಟ್ಟಡಕ್ಕೆ ಎರಡು ಜೀನೋಮ್, ನಕಲು ತೆಗೆಯುವ ಆಯ್ಕೆಗೆ ಅದು ಕಾಣಲ್ಲ, ಆ ಎರಡನ್ನು ಬೆರೆಸಿದರೆ ಹುಟ್ಟೋದು ಎರಡಕ್ಕೂ ಸಂಬಂಧ ಇಲ್ಲದ್ದು. 0–180 ಮಾಡಿ.

ಬೇರುಮಟ್ಟ
ಅಯ್ಯೋ. ಆ ಇಪ್ಪತ್ತರಲ್ಲೂ ಜೋಡಿಗಳೇ ಇದ್ದಿರಬೇಕು.